ತಳದ ಚಹಾ

ಮುದ್ದೇಬಿಹಾಳ
೧೨ ಜುಲೈ ೧೯೯೯

ಸೌ. ಸುನಂದಾ ವೈನಿಯವರಿಗೆ,

ನಿಮ್ಮ ನಾದಿನಿ ಜಯಮಾಲಾಳ ನಮಸ್ಕಾರಗಳು. ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀರಿ. ಒಲೆಗೆ ಹಾಕುವ ಮುಂಚೆ ಒಂದು ಸಲ ಓದಿರಿ.

ನನಗೀಗ ಮೂರು ತಿಂಗಳು. ಈ ಮೊದಲು ಎರಡು ಸಲ ನಿಂತದ್ದು ಉಳಿಯಲಿಲ್ಲ. ಹೋದ ವರ್ಷ ಎರಡನೆಯದೂ ಹೋದಾಗ ಅವ್ವ ನನ್ನನ್ನು ಬಸವನ ಬಾಗೇವಾಡಿಯ ಹತ್ತಿರ ಒಬ್ಬ ಅಯ್ಯನವರ ಬಳಿಗೆ ಕರೆದೊಯ್ದಳು. ಅವರು ಅವ್ವನ ಮುಖವನ್ನೇ ನೋಡುತ್ತ, "ನಿಮ್ಮ ಮನ್ಯಾಗಿಂದ ಒಬ್ಬ ಸೊಸಿ ಅಳಕೋತ ಹೋಗ್ಯಾಳ. ಆಕಿ ಬಂದು ನಿನ್ನ ಮಗಳ ಉಡಿ ತುಂಬೂತನಾ ತೊಟ್ಟಿಲ ತೂಗೂದಿಲ್ಲ" ಅಂದರು. ಯಾವ ಸೊಸೆ ಎಂದು ಅವ್ವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಣ್ಣ ಕಾವೇರಿಯನ್ನು ಮನೆಗೆ ತಂದದ್ದನ್ನು ಯಾರಾದರೂ ನಿಮಗೆ ಹೇಳಿರುತ್ತಾರೆ. ಇಂಡಿ ಕಡೆಯ ಬಡವರ ಹುಡುಗಿ, ನಾಲ್ಕನೆಯ ಇಯತ್ತೆ ಕಲಿತವಳು. ಅವಳು ಉಡಿ ತುಂಬಿದರೆ ನಡೆಯುವುದಿಲ್ಲವಂತೆ. ಏಳನೆಯ ತಿಂಗಳಲ್ಲಿ ಇಲ್ಲಿ ಮುದ್ದೇಬಿಹಾಳದಲ್ಲೇ ಕುಬಸ ಇಟ್ಟುಕೊಳ್ಳುತ್ತೇವೆ. ಹಸಿರು ಸೀರೆ ಉಡಿಸಿ ಉಡಿ ತುಂಬಲು ನೀವೇ ಬರಬೇಕು.

ಇನ್ನೊಂದು ಮಾತು, ನಗಬೇಡಿ. ನನಗೆ ಬಯಕೆ ಎಂದರೆ ಚಹಾದ್ದೇ. ನಮ್ಮ ಮಾವನವರ ಚಹಾದಂಗಡಿ ಮಾರುಕಟ್ಟೆ ಯಾರ್ಡಿನ ಎದುರಿಗೇ ಇದೆ. ಝಳಕಿಯಲ್ಲಿ ನಮ್ಮ ತವರಿನ ಚಹಾದಂಗಡಿಯ ಪದ್ಧತಿಯೇ ಇಲ್ಲಿಯೂ: ಚಹಾ ಮನೆಯಲ್ಲಿ ಕುದ್ದು, ಕಿಟ್ಲಿಯಲ್ಲಿ ಅಂಗಡಿಗೆ ಹೋಗುತ್ತದೆ. ಕುದಿಸುವವಳು ನಾನು. ಎಷ್ಟು ಪಾತೇಲಿ ಕುದಿಸಿದರೂ ನೀವು ಮಾಡುತ್ತಿದ್ದ ಆ ಕಡಕ್ ಚಹಾದ ರುಚಿ ಬರುತ್ತಿಲ್ಲ. ಹೇಗೆ ಮಾಡುತ್ತಿದ್ದಿರಿ? ಬರೆದು ತಿಳಿಸಿದರೆ ಬಯಕೆ ತೀರಿಸಿದ ಪುಣ್ಯ ನಿಮಗೆ.

ಬಾಗೇವಾಡಿಯ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಟ್ರಂಕಿನಲ್ಲಿ ಬಟ್ಟೆ ಇಡುತ್ತಿದ್ದೆವು. ಅದನ್ನು ನೆನೆದಾದರೂ ಬನ್ನಿರಿ. ಆ ದಿನ ಅಂಗಳದಲ್ಲಿ ನಾನು ಅಂದದ್ದು ಸಿಟ್ಟಿನ ಭರದಲ್ಲಿ ಅಂದದ್ದು.

ನಿಮ್ಮ ಹಾದಿ ನೋಡುವ,
ಜಯಮಾಲಾ


ಕನ್ನೊಳ್ಳಿ
೨೧ ಜುಲೈ ೧೯೯೯

ಜಯಮಾಲಾ,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಮೂರು ಸಲ ಓದಿದೆ. 'ಸೌ.' ಎಂದು ಬರೆದದ್ದಕ್ಕೆ ಮೂರು ಸಲವೂ ನಕ್ಕೆ. ನಿಮ್ಮಣ್ಣ ಇನ್ನೊಬ್ಬಳನ್ನು ತಂದು ಕೂಡಿಸಿಕೊಂಡ ಮೇಲೂ ನಿನ್ನ ಕಣ್ಣಿಗೆ ನನ್ನ ಸೌಭಾಗ್ಯ ಗಟ್ಟಿಯಾಗಿಯೇ ಕಾಣುತ್ತದೆ. ಹಾಸ್ಟೆಲಿನಲ್ಲಿ ನಾನು ನಿನಗೆ 'ನೀ' ಆಗಿದ್ದೆ. ನೀನೇ ಮುಂದೆ ನಿಂತು ನಿಮ್ಮಣ್ಣನ ಜೊತೆ ಮದುವೆ ಮಾಡಿಸಿದ ಮೇಲೆ 'ವೈನಿ' ಆದೆ. ಅಂಗಳದಲ್ಲಿ 'ಆಕಿ' ಆದೆ. ಈಗ ಕೆಲಸ ಬಿದ್ದಿದೆ, 'ನೀವು' ಆಗಿದ್ದೇನೆ.

ನಾನೀಗ ತವರಿನಲ್ಲೇ ಇದ್ದೇನೆ. ಇಲ್ಲಿಯ ಅಂಗನವಾಡಿಯಲ್ಲಿ ಕೆಲಸ. ಊರಿನ ಕೂಸುಗಳನ್ನು ತಿಂಗಳಿಗೊಮ್ಮೆ ತೂಗಿ ಬರೆದಿಡುತ್ತೇನೆ.

ನಿನ್ನ ಬಯಕೆಯನ್ನು ನಾನೇಕೆ ತಪ್ಪಿಸಲಿ? ಬಸುರಿಯ ಬಯಕೆ ತಪ್ಪಿಸಿದರೆ ಪಾಪವೆಂದು ನಿಮ್ಮವ್ವನೇ ಊರವರಿಗೆಲ್ಲ ಹೇಳುತ್ತಿದ್ದರು. ಬರೆದುಕೋ. ಪುಡಿ ಇಮ್ಮಡಿ ಹಾಕು. ಗಿರಾಕಿಗಳಿಗೆ ಸೋಸಿ ಕಳಿಸಿದ ಮೇಲೆ ತಳದಲ್ಲಿ ಉಳಿದದ್ದನ್ನು ಚೆಲ್ಲಬೇಡ. ಅದೇ ಪುಡಿಯ ಮೇಲೆ ನೀರು ಹಾಕಿ, ಕಪ್ಪಗಾಗುವವರೆಗೆ ಕುದಿಸಿ, ನೀನು ಕುಡಿ. ನನ್ನ ಚಹಾದ ರುಚಿ ಇದ್ದದ್ದು ಅಲ್ಲೇ. ಎದ್ದ ಕೂಡಲೇ ಒಂದು ಗ್ಲಾಸು, ಉಂಡ ಕೂಡಲೇ ಒಂದು, ಹಸಿವಾದಾಗಲೆಲ್ಲ ಒಂದು. ನರ್ಸಬಾಯಿ ಕೊಡುವ ಕೆಂಪು ಗುಳಿಗೆಯನ್ನೂ ಅದರಲ್ಲೇ ನುಂಗು. ಅದನ್ನು ನನಗೆ ಕಲಿಸಿದವಳು ನೀನೇ. "ನೀರಾಗ ನುಂಗಿದ್ರ ವಾಕರಿಕಿ ಬರ್ತೈತಿ ವೈನಿ, ಚಾದಾಗ ನುಂಗ್ರಿ" ಅಂದಿದ್ದೆ.

ಉಡಿಯ ಮಾತು ಆಮೇಲೆ ನೋಡೋಣ. ಸದ್ಯಕ್ಕೆ ಹೊಟ್ಟೆ ತುಂಬ ಕುಡಿ.

ಸುನಂದಾ


ಮುದ್ದೇಬಿಹಾಳ
೩೦ ಆಗಸ್ಟ್ ೧೯೯೯

ಪ್ರೀತಿಯ ವೈನಿಯವರಿಗೆ,

ನಿಮ್ಮ ಕಾಗದದಲ್ಲಿ ಚುಚ್ಚುಮಾತುಗಳಿದ್ದವು. ಇರಲಿ, ನನಗೆ ಸಲ್ಲಬೇಕಾದದ್ದೇ. ಆದರೆ ಚಹಾ ಮಾಡುವ ಬಗೆ ಬರೆದಿರಲ್ಲ, ಅಷ್ಟು ಸಾಕು ನನಗೆ. ಓದಿದ ದಿನವೇ ಮಾಡಿದೆ. ಅದೇ ರುಚಿ! ತಳದ್ದನ್ನೇ ಕುದಿಸುವ ಗುಟ್ಟು ನನಗೆ ಹೊಳೆದೇ ಇರಲಿಲ್ಲ. ಈಗ ಅದಿಲ್ಲದೆ ನನ್ನ ಕೈಕಾಲು ಆಡುವುದಿಲ್ಲ.

ನಿನ್ನೆ ಡಾಕ್ಟರಬಾಯಿಯ ಹತ್ತಿರ ಹೋಗಿದ್ದೆವು. ರಕ್ತ ಏಳೇ ಇದೆಯಂತೆ, ಹನ್ನೊಂದರ ಮೇಲೆ ಇರಬೇಕಂತೆ. "ಗುಳಿಗಿ ನುಂಗಾಕತ್ತಿ ಹೌದಲ್ಲೋ?" ಅಂತ ಜೋರು ಮಾಡಿದರು. ಒಂದು ದಿನವೂ ತಪ್ಪಿಸಿಲ್ಲ ಅಂದೆ. "ಹಂಗಾದ್ರ ರಕ್ತ ಎಲ್ಲಿಗಿ ಹೊಂಟೈತಿ?" ಅಂದರು. ಚಹಾ ಎಷ್ಟು ಕುಡಿಯುತ್ತೀ ಎಂದೂ ಕೇಳಿದರು. ಎರಡು ಕಪ್ಪು ಅಂದೆ. ಸುಳ್ಳಲ್ಲ, ಕೂತು ಕುಡಿಯುವುದು ಎರಡೇ. ಉಳಿದದ್ದು ಪಾತೇಲಿ ಇಳಿಸುವಾಗ ರುಚಿ ನೋಡಿದ್ದು, ಕೆಟ್ಟುಹೋದೀತೆಂದು ತಳದ್ದು ಮುಗಿಸಿದ್ದು. ಅದನ್ನು ಯಾರಾದರೂ ಕುಡಿದದ್ದು ಅನ್ನುತ್ತಾರೆಯೇ?

ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ. ಉಗುರು ಬೆಳ್ಳಗಾಗಿವೆ. ಗೋಡೆಗೆ ಹೊಸದಾಗಿ ಸಾರಿಸಿದ ಮಣ್ಣು ಕಂಡರೆ ಕೆರೆದು ತಿನ್ನಬೇಕು ಅನ್ನಿಸುತ್ತದೆ. ಅತ್ತೆ ಇದೆಲ್ಲ ಬಸಿರಿನದೇ ಅನ್ನುತ್ತಾರೆ. ಊಟವೂ ಅಷ್ಟಕ್ಕಷ್ಟೇ. ಭಾಳ ಉಂಡರೆ ಕೂಸು ದಪ್ಪಗಾಗಿ ಹೆರಿಗೆಗೆ ತ್ರಾಸು ಎಂದು ಅವ್ವ ಝಳಕಿಯಿಂದ ಹೇಳಿ ಕಳಿಸಿದ್ದಾಳೆ. ನಿಮಗೂ ಹೀಗೇ ಆಗುತ್ತಿತ್ತೇ ವೈನಿ? ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರಿದ್ದಾರೆ?

ನಿಮ್ಮ,
ಜಯಮಾಲಾ


ಕನ್ನೊಳ್ಳಿ
೬ ಸೆಪ್ಟೆಂಬರ್ ೧೯೯೯

ಜಯಮಾಲಾ,

ಹೌದು, ನನಗೂ ಹೀಗೇ ಆಗುತ್ತಿತ್ತು. ಕಣ್ಣಿಗೆ ಕತ್ತಲೆ ಬರುತ್ತಿತ್ತು. ನಿಮ್ಮ ಪಡಸಾಲೆಯ ಗೋಡೆಯನ್ನು ಮೂಲೆಯಲ್ಲಿ ಕೆರೆದವಳು ಇಲಿಯಲ್ಲ, ನಾನು. ಈ ಕಾಗದವನ್ನು ಕೂತು ಓದು.

ಹೋದ ವರ್ಷ ಸಿಂದಗಿಯಲ್ಲಿ ನನ್ನ ಅಂಗನವಾಡಿ ತರಬೇತಿಯಾಯಿತು. ಒಬ್ಬ ಡಾಕ್ಟರಬಾಯಿ ಬಂದು ಬಸುರಿಯರ ಪಾಠ ಹೇಳಿದರು. ಚಹಾದಲ್ಲಿ, ಕಾಫಿಯಲ್ಲಿ ಚುರುಕು ತರುವ ಒಂದು ಅಂಶವಿದೆಯಂತೆ. ತಾಯಿಗೆ ಅದು ಎರಡು ತಾಸಿನ ಹುರುಪು. ಒಳಗಿನ ಕೂಸಿಗೂ ಅದು ಹೋಗುತ್ತದೆ, ಅದನ್ನು ಕರಗಿಸಿಕೊಳ್ಳುವ ಶಕ್ತಿ ಕೂಸಿಗಿಲ್ಲ. ಒಂದೆರಡು ಕಪ್ಪಿಗೆ ಹೆದರಬೇಕಾಗಿಲ್ಲ, ಮೇಲಿಂದ ಮೇಲೆ ಕುಡಿದರೆ ಕೂಸು ತೂಕ ಹಿಡಿಯುವುದಿಲ್ಲ ಅಂದರು. ಕೆಂಪು ಗುಳಿಗೆಯನ್ನು ಚಹಾದಲ್ಲಿ ನುಂಗಿದರೆ ಅದು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತದೆ ಅಂದರು. ನಾನು ಎದ್ದು ನಿಂತು, ರುಚಿ ನೋಡಿದ್ದೂ ಕುಡಿದದ್ದರಲ್ಲಿ ಬರುತ್ತದೆಯೇ ಎಂದು ಕೇಳಿದೆ. ಎಲ್ಲರೂ ನಕ್ಕರು. "ಬಾಯಾಗ ಹಾಕ್ಕೊಂಡಿದ್ದು ಮತ್ತೆಲ್ಲಿಗಿ ಹೋಗ್ತೈತವಾ?" ಅಂದರು ಡಾಕ್ಟರಬಾಯಿ.

ಪಾಠ ಮುಗಿದ ಮೇಲೆ ಅವರ ಹಿಂದೆ ಹೋದೆ. ನನ್ನ ಕೂಸು ಚಹಾದಿಂದ ಸತ್ತಿತೇ ಎಂದು ಕೇಳಿದೆ. "ಬರೇ ಚಾದಿಂದ ಅಂತ ಯಾರೂ ಹೇಳಾಕ ಬರೂದಿಲ್ಲ. ನೀ ಏನು ಉಣತಿದ್ದಿ ಮೊದಲ ಅದನ್ನ ಹೇಳು" ಅಂದರು.

ನಾನು ಏನು ಉಣ್ಣುತ್ತಿದ್ದೆ ಜಯಮಾಲಾ? ನಿನಗೆ ಗೊತ್ತು. ಅಂಗಡಿಯವರು ಉಂಡು, ನಿಮ್ಮಪ್ಪ, ನಿಮ್ಮಣ್ಣ, ನೀನು, ನಿಮ್ಮವ್ವ ಉಂಡು, ಬುಟ್ಟಿಯಲ್ಲಿ ಉಳಿದರೆ ಅರ್ಧ ರೊಟ್ಟಿ. ಕೇಳಿದರೆ ನಿಮ್ಮವ್ವ ಆ ಕಪ್ಪು ನೀರಿನ ಗ್ಲಾಸನ್ನು ಮುಂದೆ ತಳ್ಳುತ್ತಿದ್ದರು. "ತಳದ ಚಾ ಚೆಲ್ಲಿದ್ರ ಲಕ್ಷ್ಮಿ ಹೊರಗ ಹೋಗ್ತಾಳ. ಕುಡಿ, ಹಸಿವಿ ಸತ್ತು ಹೋಗ್ತೈತಿ." ಹಸಿವೆ ನಿಜಕ್ಕೂ ಸಾಯುತ್ತಿತ್ತು. ಎಂಟನೆಯ ತಿಂಗಳವರೆಗೆ ಒಲೆಯ ಮುಂದೆ ನಿಂತೆ. ತವರಿಗೆ ಕಳಿಸುವ ಮೊದಲೇ ಬೇನೆ ಬಂತು. ಗಂಡು ಕೂಸು, ಒಂದು ಕಿಲೋ ಆರುನೂರು ಗ್ರಾಂ ಇತ್ತು. ಸೂಲಗಿತ್ತಿ ರಹಿಮಾಬಿ ಅವನನ್ನು ಎತ್ತಿಕೊಂಡು, "ಈ ತಾಯಿ ಹೊಟ್ಟ್ಯಾಗ ಏನೂ ಬಿದ್ದಿಲ್ರಿ" ಅಂದಳು. ನೀನು ಅಲ್ಲೇ ಇದ್ದೆ. ನಾಲ್ಕನೆಯ ದಿನ ಅವನು ಹೋದ. ಊರ ಹೆಂಗಸರು ಅಂಗಳದಲ್ಲಿ ಕೂಡಿದಾಗ ನೀನು ಎದ್ದು ನಿಂತು ಅಂದೆ: "ಆಕಿಗಿ ಚಾದ ಚಟ ಐತ್ರಿ. ಹಗಲೆಲ್ಲಾ ಕದ್ದು ಕುಡದು ಕುಡದು ಕೂಸಿನ ಸುಟ್ಟು ಕರ್ರಗ ಮಾಡಿ ತಿಂದ್ಳು." ನಿಮ್ಮವ್ವ ಸುಮ್ಮನೆ ಕೂತರು. ರಹಿಮಾಬಿಯೂ ಸುಮ್ಮನೆ ಕೂತಳು. ಅದೇ ಮಾತು ಹಿಡಿದು ನಿಮ್ಮಣ್ಣ ನನ್ನನ್ನು ಬಸ್ಸು ಹತ್ತಿಸಿದ.

ಇಷ್ಟೆಲ್ಲ ತಿಳಿದೇ ನಾನು ಜುಲೈ ತಿಂಗಳ ಕಾಗದ ಬರೆದೆ. ತಿಳಿದೇ ಬರೆದೆ. ನಿನ್ನ ಉಡಿಯೂ ಬರಿದಾಗಲಿ ಎಂದು ಬರೆದೆ. ಟಪಾಲು ಡಬ್ಬಿಗೆ ಹಾಕಿ ಬಂದ ದಿನ ಮೂರು ವರ್ಷದಲ್ಲಿ ಮೊದಲ ಸಲ ನನಗೆ ಊಟ ರುಚಿಸಿತು.

ಈಗ ಯಾಕೆ ಹೇಳುತ್ತಿದ್ದೇನೆ? ನಿನ್ನ ಮೇಲೆ ಕನಿಕರ ಬಂತೆಂದು ತಿಳಿಯಬೇಡ. ನಿನ್ನ ಕೂಸು ಸತ್ತರೆ ಸುನಂದಾಳ ಶಾಪ ತಟ್ಟಿತು ಅನ್ನುತ್ತಾರೆ, ನಿಮ್ಮವ್ವ ಮತ್ತೆ ಸುಮ್ಮನೆ ಕೂತು ಪಾರಾಗುತ್ತಾರೆ. ನಿನ್ನ ಕೂಸು ದುಂಡಗೆ ಹುಟ್ಟಿದರೆ ಅದು ನನ್ನ ಸಾಕ್ಷಿ. ಅದನ್ನು ಎತ್ತಿಕೊಂಡಾಗಲೆಲ್ಲ ನನ್ನದೂ ಹೀಗೇ ಬದುಕುತ್ತಿತ್ತೆಂದು ನಿನಗೆ ತಿಳಿಯಬೇಕು. ನನಗೆ ನಿನ್ನ ಕೂಸು ಬದುಕಬೇಕು.

ಇವತ್ತಿನಿಂದ ದಿನಕ್ಕೆ ಒಂದೇ ಕಪ್ಪು, ಅದೂ ತೆಳ್ಳಗೆ, ಉಂಡು ಎರಡು ತಾಸಿನ ಮೇಲೆ. ರುಚಿ ಬೇರೆಯವರು ನೋಡಲಿ. ತಳದ್ದನ್ನು ಚೆಲ್ಲು, ಲಕ್ಷ್ಮಿ ಹೋದರೆ ಹೋಗಲಿ. ಗುಳಿಗೆಯನ್ನು ಲಿಂಬೆಹಣ್ಣು ಹಿಂಡಿದ ನೀರಿನಲ್ಲಿ ನುಂಗು. ಹೊಟ್ಟೆ ತುಂಬ ರೊಟ್ಟಿ, ಬೇಳೆ, ಪುಂಡಿಪಲ್ಯ ಉಣ್ಣು. ಡಾಕ್ಟರಬಾಯಿಗೆ ಎಲ್ಲವನ್ನೂ ನಿಜ ಹೇಳು.

ಕೂಸು ಹುಟ್ಟಿದ ಮೇಲೆ ಅದೇ ಅಂಗಳದಲ್ಲಿ, ಅದೇ ಹೆಂಗಸರ ಮುಂದೆ ನಿಂತು ನಿನ್ನ ಮಾತನ್ನು ಹಿಂದಕ್ಕೆ ತಗೋ. ಇದಕ್ಕೆ ಒಪ್ಪಿದರೆ ಉಡಿ ತುಂಬಲು ಬರುತ್ತೇನೆ.

ಸುನಂದಾ


ಮುದ್ದೇಬಿಹಾಳ
೨೪ ಸೆಪ್ಟೆಂಬರ್ ೧೯೯೯

ಸುನಂದಾ,

ನೀನು ಇಂಥವಳು ಎಂದು ತಿಳಿದಿರಲಿಲ್ಲ. ಹೊಟ್ಟೆಯೊಳಗಿನ ಜೀವ ನಿನಗೇನು ಮಾಡಿತ್ತು? ಏಳು ವಾರ ಕುಡಿದೆನಲ್ಲೇ! ಒಂದೊಂದು ಗ್ಲಾಸು ಎತ್ತುವಾಗಲೂ ಪುಣ್ಯವಂತೆ, ಬಯಕೆ ತೀರಿಸಿದಳು ಎಂದು ನಿನ್ನ ಹೆಸರು ಹೇಳಿ ಕುಡಿದೆನಲ್ಲೇ!

ಕಾಗದವನ್ನು ಯಜಮಾನರಿಗೆ ತೋರಿಸಲಿಲ್ಲ, ತೋರಿಸಿದರೆ ಕನ್ನೊಳ್ಳಿಗೆ ಬಂದು ಜಗಳ ತೆಗೆಯುತ್ತಿದ್ದರು. ಡಾಕ್ಟರಬಾಯಿಯ ಹತ್ತಿರ ಓಡಿದೆ. ಎಲ್ಲವನ್ನೂ ಹೇಳಿದೆ, ರುಚಿ ನೋಡಿದ್ದನ್ನೂ ಹೇಳಿದೆ. ನೀನು ಬರೆದದ್ದೆಲ್ಲ ಖರೆ ಅಂದರು.

ಬಿಟ್ಟಿದ್ದೇನೆ. ಮೊದಲ ಮೂರು ದಿನ ತಲೆ ಒಡೆದು ಹೋಗುವಷ್ಟು ನೋವು. ಎದ್ದು ಕೂಡಲೂ ಆಗಲಿಲ್ಲ. ಚಹಾದ ಮನೆಯಲ್ಲಿ ಚಹಾ ಬಿಟ್ಟು ಕೂಡುವುದೆಂದರೆ ಏನೆಂದು ನಿನಗೆ ಬರೆದು ತಿಳಿಸಬೇಕಾಗಿಲ್ಲ. ಪಾತೇಲಿ ಕುದಿಯುವ ವಾಸನೆಗೆ ಬಾಯಲ್ಲಿ ನೀರು ಬರುತ್ತದೆ, ಕಣ್ಣಲ್ಲೂ ಬರುತ್ತದೆ. ಅವ್ವ ಸುದ್ದಿ ಕೇಳಿ ಝಳಕಿಯಿಂದ ಬಂದಳು. "ಬಯಕಿ ತಪ್ಪಿಸಿ ಸೇಡು ತೀರಿಸ್ಕೊಳಾಕತ್ತಾಳ ಆಕಿ. ಕುಡಿ ನೀ" ಎಂದು ತಾನೇ ಒಂದು ಗ್ಲಾಸು ತಂದು ನನ್ನ ಬಾಯಿಗೆ ಹಿಡಿದಳು. ಗ್ಲಾಸನ್ನು ನೋಡಿದೆ. ಕಪ್ಪಗಿತ್ತು. ಅವ್ವ ಅದನ್ನು ಹಿಡಿದ ಕೈ ನೋಡಿದೆ. ನಿನ್ನ ಮುಂದೆ ತಳ್ಳುತ್ತಿದ್ದ ಕೈ ಅದೇ. ಒಲ್ಲೆ ಅಂದೆ.

ಆದರೆ ಅವ್ವನ ಮರ್ಯಾದೆಯನ್ನು ಅಂಗಳದಲ್ಲಿ ತೆಗೆಯೆಂದು ಕೇಳಬೇಡ. ಅದು ನನ್ನಿಂದ ಆಗದು. ಬೇರೆ ಏನಾದರೂ ಕೇಳು.

ಜಯಮಾಲಾ


ಕನ್ನೊಳ್ಳಿ
೩ ಅಕ್ಟೋಬರ್ ೧೯೯೯

ಜಯಮಾಲಾ,

'ನೀ' ಎಂದು ಬರೆದಿದ್ದೀಯ. ಸಿಟ್ಟು ಬಂದರೆ ನೀನು ಚೆನ್ನಾಗಿ ಬರೆಯುತ್ತೀ.

ನಿಮ್ಮವ್ವ ಹೇಳಿದ್ದು ನಿಜ. ಇದು ಸೇಡೇ. ನಿನಗೆ ತಲೆನೋವು ಬಂದದ್ದು ಓದಿ ನನಗೆ ಸಂತೋಷವಾಯಿತು. ನೀನು ಲಿಂಬೆಹಣ್ಣಿನ ನೀರಿನಲ್ಲಿ ಗುಳಿಗೆ ನುಂಗಿದ್ದು ಓದಿದರೂ ಸಂತೋಷವಾಗುತ್ತಿತ್ತು, ಅದನ್ನು ಬರೆದಿಲ್ಲ. ಪ್ರತಿ ತಿಂಗಳು ರಕ್ತ ಎಷ್ಟು, ತೂಕ ಎಷ್ಟು ಎಂದು ಒಂದು ಕಾರ್ಡು ಹಾಕು. ಬೇರೆ ಸುದ್ದಿ ನನಗೆ ಬೇಡ.

ಬೇರೆ ಏನಾದರೂ ಕೇಳು ಅಂದಿದ್ದೀ. ನನಗೆ ಬೇರೇನೂ ಬೇಕಿಲ್ಲ. ಹೊಲ, ಮನೆ, ನಿಮ್ಮಣ್ಣ, ಯಾವುದೂ ಬೇಡ. ಒಂದು ಮಾತು ಅಂಗಳದಲ್ಲಿ ಬಿದ್ದಿದೆ, ಅದನ್ನು ಅಲ್ಲೇ ಎತ್ತಬೇಕು. ಮೂರು ವರ್ಷದಿಂದ ಝಳಕಿಯ ಕಡೆಯ ಯಾರೇ ಸಿಕ್ಕರೂ ಮೊದಲು ನನ್ನ ಕೈಯಲ್ಲಿ ಕಪ್ಪು ಇದೆಯೇ ಎಂದು ನೋಡುತ್ತಾರೆ.

ನೀನು ಒಪ್ಪದಿದ್ದರೂ ಕುಬಸಕ್ಕೆ ಬರುತ್ತೇನೆ. ಅಯ್ಯನವರ ಮಾತಿಗಾಗಿ ಅಲ್ಲ. ನನ್ನ ಕಣ್ಣೀರಿಗೆ ಅಷ್ಟು ಶಕ್ತಿ ಇದ್ದಿದ್ದರೆ ನಿಮ್ಮವ್ವನ ಒಲೆ ಎಂದೋ ಆರಿರುತ್ತಿತ್ತು. ನಿಮ್ಮವ್ವನ ಎದುರಿಗೆ ಕೂತು ನಿನ್ನ ಉಡಿ ತುಂಬುವ ಆಸೆ ನನಗಿದೆ.

ಸುನಂದಾ


ಮುದ್ದೇಬಿಹಾಳ
೨೨ ನವೆಂಬರ್ ೧೯೯೯

ಸುನಂದಾ,

ಮೊದಲು ನಿನಗೆ ಬೇಕಾದ ಸುದ್ದಿ: ರಕ್ತ ಹತ್ತು. ತೂಕ ಏರುತ್ತಿದೆ. ಉಗುರಿಗೆ ಬಣ್ಣ ಬಂದಿದೆ.

ಕುಬಸದ ದಿನ ನೀನು ಉಡಿ ತುಂಬುವಾಗ ನಿನ್ನ ಕೈ ನನ್ನ ಹೊಟ್ಟೆಗೆ ತಾಗಿತು. ಕೂಸು ಒದೆಯಿತು. ನಿನಗೂ ತಿಳಿಯಿತು, ಕೈ ಸರಕ್ಕನೆ ಹಿಂದೆ ತೆಗೆದೆ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆಮೇಲೆ ಚಹಾ ಬಂತು. ಅವ್ವ ತಾನೇ ಎದ್ದು ನಿನ್ನ ಕೈಗೆ ಕಪ್ಪು ಬಸಿ ಕೊಟ್ಟಳು. ಅವ್ವ ಸೊಸೆಯ ಕೈಗೆ ಹೀಗೆ ಕಪ್ಪು ಬಸಿಯಲ್ಲಿ ಚಹಾ ಕೊಟ್ಟದ್ದನ್ನು ನಾನು ಎಂದೂ ನೋಡಿಲ್ಲ. ನೀನು ಅಷ್ಟೂ ಜನರ ಮುಂದೆ ಚಹಾವನ್ನು ತುಳಸಿಯ ಬುಡಕ್ಕೆ ಸುರಿದು, ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿ, "ಚಾ ಆಮ್ಯಾಲ ಕುಡೀತೇನಿ, ಮಾತು ಮುಗದಮ್ಯಾಲ" ಎಂದು ಎದ್ದು ಹೋದೆ.

ನೀನು ಬಸ್ಸು ಹತ್ತಿದ ಮೇಲೆ ಇಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಬಂದ ಮನೆಯಲ್ಲಿ ಚಹಾ ಒಲ್ಲೆ ಅನ್ನುವುದೆಂದರೆ ಮುಖಕ್ಕೆ ಉಗುಳಿದ ಹಾಗೆ. ಅದೂ ಚಹಾ ಮಾರುವವರ ಮನೆಯಲ್ಲಿ. "ಯಾವ ಮಾತು?" ಎಂದು ಎಲ್ಲರೂ ಅವ್ವನನ್ನು ಕೇಳುವವರೇ. ಅತ್ತೆ ಕೇಳಿದರು. ಓಣಿಯವರು ಕೇಳಿದರು. ಅವ್ವ "ಆಕಿಗಿ ತಲಿ ಸರಿ ಇಲ್ರಿ" ಎಂದು ನಾಲ್ಕು ಸಲ ಹೇಳಿದಳು. ಐದನೆಯ ಸಲ ಎದ್ದು ಒಳಗೆ ಹೋದಳು. ಆ ಬೋರಲು ಕಪ್ಪನ್ನು ಎತ್ತಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ನಾನೇ ಎತ್ತಿ ತೊಳೆದೆ.

ಅಲ್ಲಿ ಅಣ್ಣನ ಹೆಂಡತಿ ಕಾವೇರಿಯೂ ಇದ್ದಳು. ಗೋಡೆಗೆ ಒರಗಿ ನಿನ್ನನ್ನೇ ನೋಡುತ್ತಿದ್ದಳು. ಅವಳಿಗೂ ಎರಡು ತಿಂಗಳಂತೆ.

ಮುಂದಿನ ತಿಂಗಳು ಹೆರಿಗೆಗೆ ಝಳಕಿಗೆ ಹೋಗುತ್ತೇನೆ. ಸಾಕು ಮಾಡೇ ಸುನಂದಾ. ಅವ್ವನಿಗೆ ಆಗಬೇಕಾದ ಅಪಮಾನ ಆಯಿತು.

ಜಯಮಾಲಾ


ಝಳಕಿ
೨ ಫೆಬ್ರುವರಿ ೨೦೦೦

ಸುನಂದಾ,

ನೀನು ಹೊಳ್ಳಿ ಬರೆಯಲೇ ಇಲ್ಲ. ಇರಲಿ. ಜನವರಿ ಇಪ್ಪತ್ನಾಲ್ಕಕ್ಕೆ ಹೆಣ್ಣು ಹುಟ್ಟಿದೆ. ಆಸ್ಪತ್ರೆಯಲ್ಲಿ ತಕ್ಕಡಿಯಲ್ಲಿ ಹಾಕಿದಾಗ ನಾನು ಕೂಸಿನ ಮುಖ ನೋಡಲಿಲ್ಲ, ಮುಳ್ಳನ್ನೇ ನೋಡಿದೆ. ಎರಡು ಕಿಲೋ ಒಂಬೈನೂರು ಗ್ರಾಂ. ಮೊದಲು ನಿನ್ನ ನೆನಪಾಯಿತು. ಆಮೇಲೆ ನಿನ್ನ ಮಗನ ನೆನಪಾಯಿತು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅವನ ಕಾಲು ನನ್ನ ಹೆಬ್ಬೆರಳಿನಷ್ಟು ಇತ್ತು. ನನ್ನ ಮಗಳನ್ನು ಎತ್ತಿಕೊಂಡರೆ ಭಾರ ಆಗುತ್ತದೆ. ಆ ಭಾರ ಆದಾಗಲೆಲ್ಲ ನೀನು ಬರೆದದ್ದು ನೆನಪಾಗುತ್ತದೆ. ನೀನು ಬಯಸಿದ್ದು ನಿನಗೆ ಸಿಕ್ಕಿತು.

ಅವ್ವ ಮಾತ್ರ ಅಯ್ಯನವರ ಮಾತು ನಿಜವಾಯಿತು, ಉಡಿಯಿಂದ ದೋಷ ಕಳೆಯಿತು ಎಂದು ಊರೆಲ್ಲ ಹೇಳುತ್ತಿದ್ದಾಳೆ. ಗುಳಿಗೆಯ ಮಾತು, ರೊಟ್ಟಿಯ ಮಾತು ಅವಳ ಬಾಯಲ್ಲಿ ಬರುವುದಿಲ್ಲ.

ಇದೇ ಇಪ್ಪತ್ತಕ್ಕೆ ತೊಟ್ಟಿಲ ಕಾರ್ಯ. ಇಲ್ಲಿಯೇ, ಇದೇ ಅಂಗಳದಲ್ಲಿ. ನಾನು ನಿನ್ನ ಕಾಲು ಹಿಡಿದುಕೊಂಡು ಈ ಕಾಗದದಲ್ಲಿ ಬರೆಯುತ್ತೇನೆ: ನಿನ್ನ ತಪ್ಪಿಲ್ಲ. ನಾನು ಅಂದದ್ದು ಸುಳ್ಳು. ನೀನು ಕದ್ದು ಕುಡಿಯಲಿಲ್ಲ, ನಾವು ಕುಡಿಸಿದೆವು. ನನ್ನ ಕೈಬರಹ ನಿನ್ನ ಹತ್ತಿರ ಇರುತ್ತದೆ. ಇಷ್ಟು ಸಾಲದೇ?

ಜಯಮಾಲಾ


ಕನ್ನೊಳ್ಳಿ
೯ ಫೆಬ್ರುವರಿ ೨೦೦೦

ಜಯಮಾಲಾ,

ಸಾಲದು.

ನನ್ನನ್ನು ಬಯ್ದದ್ದು ಕಾಗದದಲ್ಲಿ ಅಲ್ಲ. ನಿನ್ನ ಕಾಗದವನ್ನು ಟ್ರಂಕಿನಲ್ಲಿಟ್ಟುಕೊಂಡು ನಾನು ಯಾರಿಗೆ ತೋರಿಸಲಿ? ಅಂಗಳದಲ್ಲಿ ಅಂದದ್ದಕ್ಕೆ ನಾಲ್ವತ್ತು ಜನ ಕೇಳುಗರಿದ್ದರು.

ತೊಟ್ಟಿಲಿಗೆ ನಾನು ಬರುವುದಿಲ್ಲ. ನಾನು ಎದುರಿಗಿದ್ದರೆ ನನ್ನ ಒತ್ತಾಯಕ್ಕೆ ಅಂದಳು ಅನ್ನುತ್ತಾರೆ. ನಾನಿಲ್ಲದಾಗ ಅನ್ನು. ಅನ್ನದಿದ್ದರೆ ನಿನ್ನನ್ನು ಶಪಿಸುವುದಿಲ್ಲ, ಹೆದರಬೇಡ. ನಿನ್ನ ಮಗಳು ಚೆನ್ನಾಗಿರಲಿ. ಆದರೆ ನಿನ್ನ ಮನೆಯಲ್ಲಿ ಒಬ್ಬಳು ಬಸುರಿ ಇದ್ದಾಳೆ ಎಂದು ನೀನೇ ಬರೆದಿದ್ದೆ. ಅವಳಿಗೀಗ ಐದು ತಿಂಗಳಿರಬೇಕು. ಪಾತೇಲಿಯ ಮುಂದೆ ಈಗ ಯಾರು ನಿಂತಿದ್ದಾರೆ? ರುಚಿ ಯಾರು ನೋಡುತ್ತಾರೆ? ಬುಟ್ಟಿಯಲ್ಲಿ ಅವಳಿಗೆ ಎಷ್ಟು ರೊಟ್ಟಿ ಉಳಿಯುತ್ತವೆ? ಬಾಣಂತಿ ಮಲಗಿದ ಕೋಣೆಯ ಬಾಗಿಲಿನಿಂದ ಒಲೆ ಕಾಣುತ್ತದೆ. ನೋಡು.

ಸುನಂದಾ


ಝಳಕಿ
ತಾರೀಖು ೨೬, ಫೆಬ್ರುವರಿ

ಅಕ್ಕಾರಿಗಿ ಕಾವೇರಿ ಮಾಡು ಶರಣು,

ನಾ ಯಾರಂತ ನಿಮಗ ಗೊತ್ತೈತಿ. ನನ್ನ ಮ್ಯಾಲ ನಿಮಗ ಸಿಟ್ಟು ಇರ್ತೈತಿ, ಇರಬೇಕಾದ್ದ. ನನಗ ಬರಿಯಾಕ ಸರಿಯಾಗಿ ಬರೂದಿಲ್ಲ, ಮಾತಾಡಿದಂಗ ಬರದೇನಿ. ಜಯಕ್ಕಾರು ನಿಮ್ಮ ಪತ್ತೆ ಕೊಟ್ಟು, ನೀನ ಬರಿ ಅಂದ್ರು.

ತೊಟ್ಟಿಲ ಕಾರ್ಯೇದ ದಿನ ಅಂಗಳ ತುಂಬ ಹೆಣ್ಣಮಕ್ಕಳು ಕುಂತಿದ್ರು. ನಾ ಮುಂಜಾನಿಂದ ಚಾ ಕುದಸಾಕತ್ತಿದ್ದೆ. ಎಲ್ಲಾರಿಗೂ ಕೊಟ್ಟು ಬಾಗಲದಾಗ ನಿಂತೆ. ಅತ್ತಿಯಾರು ತಳದ ಚಾ ಗ್ಲಾಸಿನ್ಯಾಗ ಹಾಕಿ ನನ್ನ ಕೈಯಾಗ ಕೊಟ್ರು. ಅವತ್ತ ನಾ ಇನ್ನೂ ಏನೂ ಉಂಡಿರಲಿಲ್ಲ. ಜಯಕ್ಕಾರು ಕೂಸಿನ ತೊಟ್ಟಿಲದಾಗ ಹಾಕಾಕತ್ತಿದ್ರು, ನನ್ನ ನೋಡಿದ್ರು. ಕೂಸಿನ ರಹಿಮಾಬಿ ಕೈಯಾಗ ಕೊಟ್ಟು, ಸೀದಾ ಬಂದು ನನ್ನ ಕೈಯಾಗಿನ ಗ್ಲಾಸ್ ಕಸಗೊಂಡು ಅಂಗಳದಾಗ ಚೆಲ್ಲಿದ್ರು. "ಇದನ್ನ ಕುಡಿಸೇ ನಾವು ಸುನಂದಾನ ಕೂಸಿನ ಕಳದೇವಿ. ಆಕಿ ಕದ್ದು ಕುಡೀಲಿಲ್ಲ. ರೊಟ್ಟಿ ಕೇಳಿದ್ಲು, ನಾವು ಇದನ್ನ ಕೊಟ್ಟೇವಿ. ಗುಳಿಗಿ ಚಾದಾಗ ನುಂಗು ಅಂದಾಕಿ ನಾ. ಇದ ಅಂಗಳದಾಗ ಆಕಿಗಿ ಅಂದಿದ್ದು ಸುಳ್ಳು, ಅಂದಾಕಿ ನಾ" ಅಂದ್ರು.

ಅತ್ತಿಯಾರು "ಬಾಣಂತಿಗಿ ಸನ್ನಿ ಹಿಡದೈತಿ, ಒಳಗ ಕರಕೊಂಡು ಹೋಗ್ರಿ" ಅಂತ ಒದರಿದ್ರು. ಆವಾಗ ರಹಿಮಾಬಿ ಕೂಸಿನ ಎದಿಗಿ ಹಿಡಕೊಂಡು, "ಖರೇ ಐತ್ರಿ. ಅವತ್ತ ನಾನೂ ಸುಮ್ಮ ಕುಂತೆ, ನಂದೂ ತಪ್ಪೈತಿ" ಅಂದ್ಲು. ಹೆಣ್ಣಮಕ್ಕಳು ಒಬ್ಬೊಬ್ಬರಾಗಿ ಕಪ್ಪ ಕೆಳಗಿಟ್ರು ಅಕ್ಕಾ. ಕುಡದಾರೂ ಇಟ್ರು, ಕುಡೀದಾರೂ ಇಟ್ರು. ಎಲ್ಲಾರೂ ಬೋರಲ ಹಾಕಿದ್ರು. ಅತ್ತಿಯಾರು ನಡುವ ಕುಂತಿದ್ರು, ಅವರ ಮಾರಿ ಯಾರೂ ನೋಡಲಿಲ್ಲ. ನಿಮ್ಮ ಯಜಮಾನ್ರು ಕಟ್ಟಿ ಮ್ಯಾಲ ಇದ್ರು. ಕೆಳಗ ಮಾರಿ ಹಾಕ್ಕೊಂಡು ಅಂಗಡಿಗಿ ಹೋದ್ರು.

ಆದ್ರ ಜಯಕ್ಕಾರು ನಾಳೆ ಮುದ್ದೇಬಿಹಾಳಕ್ಕ ಹೋಗ್ತಾರು. ನಿನ್ನಿ ಮತ್ತ ಅತ್ತಿಯಾರು ಗ್ಲಾಸ್ ತಂದು ನನ್ನ ಮುಂದ ಇಟ್ರು. ಇಟ್ಟು ಒಳಗ ಹೋದ್ರು. ನಾ ಅದನ್ನ ನೋಡಕೋತ ಕುಂತೆ. ಒಲ್ಲೆ ಅನ್ನಾಕ ನನಗ ಬಾಯಿ ಬರೂದಿಲ್ಲ. ನಾ ಏನು ಮಾಡ್ಲಿ ಅಕ್ಕಾ?

ನಿಮ್ಮ ತಂಗಿ ಅಂತ ತಿಳಕೋರಿ,
ಕಾವೇರಿ


ಕನ್ನೊಳ್ಳಿ
೪ ಮಾರ್ಚ್ ೨೦೦೦

ಕಾವೇರಿ,

ನಿನ್ನ ಕಾಗದ ಬಂತು. ಅಂಗಳದ ಕಪ್ಪುಗಳೆಲ್ಲ ಬೋರಲು ಬಿದ್ದದ್ದನ್ನು ಓದಿ ಬಾಗಿಲು ಹಾಕಿಕೊಂಡು ಅತ್ತೆ. ಗೆದ್ದವರು ಅಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅತ್ತು ಮುಗಿದ ಮೇಲೆ ನಿನ್ನ ಕೊನೆಯ ನಾಲ್ಕು ಸಾಲು ಓದಿದೆ. ಆ ಹೆಂಗಸು ಮತ್ತೆ ಗ್ಲಾಸು ತಂದಿಟ್ಟಳೆಂದರೆ ನಾನು ಇನ್ನೂ ಗೆದ್ದಿಲ್ಲ.

ನಿನ್ನನ್ನು ತಂಗಿ ಎಂದು ತಿಳಿಯಲು ನನ್ನಿಂದ ಈಗ ಆಗದು. ನಾನು ನಿಂತ ಜಾಗದಲ್ಲಿ ನೀನು ನಿಂತಿದ್ದೀ. ಆದರೆ ಅಲ್ಲಿ ನಿಲ್ಲುವುದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಲ್ಲೆ ಅನ್ನಲು ಬಾಯಿ ಬರದಿದ್ದರೆ ಅನ್ನಬೇಡ. ಗ್ಲಾಸು ಇಟ್ಟಲ್ಲಿಯೇ ಇರಲಿ, ಆರಿ ತಣ್ಣಗಾಗಲಿ. ಝಳಕಿಯ ನರ್ಸಬಾಯಿಯ ಬಳಿಗೆ ಹೋಗಿ ಗುಳಿಗೆ ತಗೋ, ಲಿಂಬೆಹಣ್ಣಿನ ನೀರಿನಲ್ಲಿ ನುಂಗು. ರಹಿಮಾಬಿ ನಿನ್ನ ಜೊತೆ ಬರುತ್ತಾಳೆ. ಅವಳು ನನಗೆ ಒಂದು ಮಾತಿನ ಬಾಕಿ ಉಳಿಸಿಕೊಂಡಿದ್ದಳು, ಅದನ್ನು ತೀರಿಸಿದ್ದಾಳೆ, ಇನ್ನು ಹೆದರುವುದಿಲ್ಲ. ಜಯಮಾಲಾಗೆ ಹೇಳಿ ಕಳಿಸು: ಮುದ್ದೇಬಿಹಾಳಕ್ಕೆ ಬಂದು ಅವಳ ಮನೆಯ ಚಹಾ ಕುಡಿಯುತ್ತೇನೆ, ಒಂದು ಕಪ್ಪು.

ಇನ್ನು ನೀನು ಮಾಡಬೇಕಾದದ್ದು. ನಾಳೆ ಮುಂಜಾನೆ ಮೊದಲ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಬುಟ್ಟಿಗೆ ಹಾಕಬೇಡ. ನಿನ್ನ ತಾಟಿಗೆ ಹಾಕಿಕೋ. ಪಲ್ಯ ಹಾಕಿಕೋ, ಬೆಣ್ಣೆ ಇದ್ದರೆ ಬೆಣ್ಣೆ ಹಾಕಿಕೋ. ಒಲೆಯ ಹಿಂದೆ ಕೂಡಬೇಡ. ಪಡಸಾಲೆಯ ನಡುವೆ, ನಿನ್ನ ಅತ್ತೆ ಸಿದ್ದಲಿಂಗವ್ವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣು. ಗಂಡಸರು ಉಂಡಿಲ್ಲ ಅಂದರೆ ತಲೆ ಎತ್ತಬೇಡ. ಯಾರು ಕಲಿಸಿದರು ಅಂದರೆ ನನ್ನ ಹೆಸರು ಹೇಳು. ಅವಸರ ಮಾಡಬೇಡ, ಅವರು ಕೂತು ನೋಡಲಿ.

ಮೊದಲ ರೊಟ್ಟಿ ನಿನ್ನ ಕೂಸಿಗೆ. ಎರಡನೆಯದನ್ನು ಬಿಟ್ಟು ಏಳಬೇಡ. ಅದು ನನ್ನದು, ಆ ಮನೆಯಲ್ಲಿ ಉಳಿದುಹೋಗಿದೆ.

ಸುನಂದಾ